ಬಡಿಸುವ ಕೈಗೆ ದಾರಿ ಬಿಡಿ

ಹಾಸನಾಂಬೆಯ ಬಾಗಿಲು ತೆರೆಯಿತೆಂದರೆ ಸಕಲೇಶಪುರ, ಆಲೂರಿನ ಮನೆಗಳಲ್ಲಿ ನೆಂಟರ ಲೆಕ್ಕಾಚಾರ ಶುರು. ಆಶ್ವೀಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆಯುವ ಗುಡಿ ಬಲಿಪಾಡ್ಯಮಿ ಕಳೆದ ಮೇಲೆ ಮತ್ತೆ ಒಂದು ವರ್ಷಕ್ಕೆ ಮುಚ್ಚುತ್ತದೆ. ಬೆಂಗಳೂರು, ಮೈಸೂರಿನಿಂದ ದರ್ಶನಕ್ಕೆ ಬಂದವರು ಹಾಸನದಲ್ಲೇ ನಿಲ್ಲುವುದುಂಟೇ? ಹೆದ್ದಾರಿ ಹಿಡಿದು ಘಟ್ಟದ ಕಡೆ ಬರುತ್ತಾರೆ, ದೀಪಾವಳಿಗೆ ತೋಟದ ಮನೆ ಸೇರುತ್ತಾರೆ. ಹೋಳಿಗೆಗೆ ಎಷ್ಟು ಸೇರು ಬೇಳೆ ಬೇಯಿಸಬೇಕೆಂಬುದು ಅತ್ತೆ, ಚಿಕ್ಕಮ್ಮಂದಿರ ತಲೆಬಿಸಿ. ಮೇಜು ಸಿಂಗರಿಸುವ ಕೆಲಸವನ್ನು ನಾನಾಗಿಯೇ ಮೈಮೇಲೆ ಹಾಕಿಕೊಂಡಿದ್ದೇನೆ. ಈ ವಾರ ಅದರದೇ ಮಾತು.

ಊಟದ ಮೇಜು ಈ ಸೀಮೆಗೆ ಬಂದದ್ದು ಕಾಫಿಯ ಬೆನ್ನು ಹಿಡಿದು. ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ 1850ರ ದಶಕದಲ್ಲಿ ಸಕಲೇಶಪುರ ಸೀಮೆಯ ಮಂಜರಾಬಾದಿಗೆ ಬಂದು ತೋಟ ಎಬ್ಬಿಸಿದವನು. ಮೈಸೂರು ಸೀಮೆಯ ಚಿನ್ನ, ಶಿಕಾರಿ, ಕಾಫಿ ಬೇಸಾಯದ ಬಗ್ಗೆ 1894ರಲ್ಲಿ ಪುಸ್ತಕವನ್ನೇ ಬರೆದ. ಅಂಥ ದೊರೆಗಳ ಬಂಗಲೆಗಳಲ್ಲಿ ಬೀಟೆ ಮರದ ಉದ್ದನೆಯ ಮೇಜು, ಅದರ ಮೇಲೆ ಬಿಳಿ ಹಾಸು, ನಡುವೆ ಹೂದಾನಿ ಇರುತ್ತಿದ್ದವು. ನಿಧಾನಕ್ಕೆ ನಮ್ಮ ಮನೆಗಳಿಗೂ ಮೇಜು ಬಂತು, ಹೂದಾನಿಯೂ ಬಂತು. ಆದರೆ ಬಡಿಸುವ ಕ್ರಮ ಮಾತ್ರ ಹಳೆಯದೇ ಉಳಿಯಿತು. ತೊಡಕು ಶುರುವಾಗುವುದು ಅಲ್ಲೇ.

ನೆಲದ ಪಂಕ್ತಿಯಲ್ಲಿ ಬಡಿಸುವವರು ಎಲೆಯ ಮುಂದೆ ನಡೆಯುತ್ತಾರೆ. ಎಲೆಯ ಆಚೆ ಅಂಚಿನಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಈಚೆ ಅನ್ನ. ಬಗ್ಗಿದರೆ ಎಲ್ಲವೂ ಕೈಗೆ ಎಟಕುತ್ತದೆ. ಮೇಜಿಗೆ ಬಂದರೆ ಅದೇ ಮನುಷ್ಯ ಬೆನ್ನ ಹಿಂದಿನಿಂದ ಬಂದು, ಉಣ್ಣುವವರ ಹೆಗಲು ದಾಟಿಸಿ, ಬಿಸಿ ಸಾರಿನ ಸೌಟನ್ನು ಚಾಚಬೇಕು. ಕಲ್ಯಾಣ ಮಂಟಪದವರು ಇದನ್ನು ಬುದ್ಧಿವಂತಿಕೆಯಿಂದ ಬಗೆಹರಿಸಿಕೊಂಡಿದ್ದಾರೆ: ಕಿರಿದಾದ ಮೇಜು, ಒಂದೇ ಬದಿಗೆ ಕುರ್ಚಿ, ಎದುರಿಗೆ ಬಡಿಸುವವರ ಓಡಾಟ. ಮನೆಯಲ್ಲಿ ಹಾಗಾಗದು. ವರ್ಷಕ್ಕೊಮ್ಮೆ ಸೇರಿದವರು ಮುಖ ನೋಡಿಕೊಂಡು ಉಣ್ಣಬೇಕಲ್ಲ.

ಒಮ್ಮೆ ದೀಪಾವಳಿಗೆ ಬಂದ ತಂಗಿಯ ಮಗ ಮೇಜಿನ ನಡುವೆ ಎತ್ತರದ ಗಾಜಿನ ಹೂದಾನಿ, ಅದರ ಎರಡೂ ಪಕ್ಕ ಮೇಣದ ಬತ್ತಿಯ ಕಂಬ, ಎಲೆಯಿಂದ ಎಲೆಗೆ ಚೆಂಡುಹೂವಿನ ಸರ ಇಟ್ಟು ಫೋಟೊ ತೆಗೆದ. ಫೋಟೊ ಚೆನ್ನಾಗಿಯೇ ಬಂತು. ಪಾಯಸದ ಪಾತ್ರೆ ಹಿಡಿದು ಬಂದ ದೊಡ್ಡಮ್ಮ ಒಂದು ಗಳಿಗೆ ನಿಂತು, "ಹೂವಿಗೆ ಬಡಿಸ್ಲೋ ಮಗಾ, ನಿಂಗೆ ಬಡಿಸ್ಲೋ?" ಎಂದರು. ಮೇಜಿನ ಅಲಂಕಾರದ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ತೂಕದ್ದು ಇನ್ನೊಂದಿಲ್ಲ. ಬಡಿಸುವ ಕೈಗೆ ದಾರಿ ಬಿಡದ್ದು ಎಷ್ಟೇ ಚೆಂದವಿದ್ದರೂ ಊಟದ ಮೇಜಿಗೆ ಅಡ್ಡಿಯೇ. ನನ್ನ ಕಟ್ಟಳೆಗಳೆಲ್ಲ ಈ ಒಂದು ಮಾತಿನಿಂದ ಹುಟ್ಟಿದವು.

ಮೊದಲು ಎಲೆ. ಬಯಲಿನ ಬಾಳೆ ಬೇಡ, ಗಾಳಿಗೆ ಸೀಳಿರುತ್ತದೆ. ಮನೆಯ ಹಿತ್ತಲಲ್ಲೋ ತೋಟದ ತಗ್ಗಿನಲ್ಲೋ ಮರೆಯಲ್ಲಿ ಬೆಳೆದ ಗಿಡದಲ್ಲಿ, ಸುರುಳಿ ಬಿಚ್ಚಿ ಕೆಲವೇ ದಿನವಾದ ಎಲೆ ನೋಡಿ. ಬೆಳಿಗ್ಗೆ ಕೊಯ್ದು, ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ರಾತ್ರಿಯ ಊಟಕ್ಕೂ ಬಾಡದು. ಹೆಚ್ಚಿನವರು ಮರೆಯುವುದು ಎಲೆಯ ದಿಂಡನ್ನು. ನೆಲದ ಮೇಲೆ ಅದು ಅಷ್ಟು ಕಾಡುವುದಿಲ್ಲ. ನುಣುಪಾದ ಮೇಜಿನ ಮೇಲೆ ಎಲೆ ಅತ್ತಿತ್ತ ವಾಲಿ ಸಾರು ಮಡಿಲಿಗೆ ಹರಿಯುತ್ತದೆ. ಎಲೆ ಮಗುಚಿ, ಹಿಂಬದಿಯ ಉಬ್ಬನ್ನು ಚೂರಿಯಿಂದ ಉದ್ದಕ್ಕೂ ತೆಳ್ಳಗೆ ಹೆರೆಯಿರಿ. ಹಸಿರು ಸಿಪ್ಪೆ ಸುರುಳಿಯಾಗಿ ಏಳುತ್ತದೆ, ಒಳಗಿನ ಬಿಳಿ ತಿರುಳು ಕಾಣುತ್ತದೆ. ಅಷ್ಟಕ್ಕೇ ಕೈ ತಡೆಯಿರಿ. ಇನ್ನೊಂದು ಎಳೆ ಹೆರೆದರೆ ಎಲೆ ಇಬ್ಭಾಗ. ಎಲೆಯ ಕೆಳಗೆ ಮೇಜಿನುದ್ದಕ್ಕೂ ಅಂಚಿರುವ ಬಿಳಿ ಹತ್ತಿ ಪಂಚೆ ಹಾಸಿ. ಎಲೆ ಜಾರದು, ಬೇರೆ ಮೇಜುಬಟ್ಟೆಯೂ ಬೇಡ.

ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಲಿ. ನೀರಿನ ಲೋಟವೂ ಎಡಗಡೆಗೇ, ಬಲಗೈ ಅನ್ನದಲ್ಲಿರುತ್ತದೆ. ಆಮೇಲೆ ಬಡಿಸುತ್ತ ಹೋಗಿ. ಹೆಸರುಬೇಳೆ ಕೋಸಂಬರಿಯ ಹಳದಿ, ಬೀಟ್‌ರೂಟ್ ಪಲ್ಯದ ಕಡುಗೆಂಪು, ಮಿಡಿ ಉಪ್ಪಿನಕಾಯಿಯ ಖಾರದ ಬಣ್ಣ, ಒತ್ತುಶ್ಯಾವಿಗೆಯ ಬಿಳುಪು, ನಮ್ಮ ಹಾಸನ ಸೀಮೆಯ ರಾಜಮುಡಿ ಅನ್ನದ ತೆಳು ಕೆಂಪು. ಇಷ್ಟೆಲ್ಲ ಹಸಿರಿನ ಮೇಲೆ ಕೂತ ಮೇಲೆ ಮೇಜಿಗೆ ಬೇರೆ ಬಣ್ಣ ಹಚ್ಚುವ ಅವಸರ ಯಾಕೆ? ಎಲೆಯ ಸುತ್ತ ರಂಗೋಲಿ ಎಳೆಯುವ ಆಸೆಯಿದ್ದರೆ ಅಕ್ಕಿಹಿಟ್ಟಿನಲ್ಲಿ ಎಳೆಯಿರಿ. ಅಂಗಡಿಯ ರಂಗೋಲಿ ಪುಡಿ ಕಲ್ಲಿನ ಪುಡಿ. ಅದರ ಜಾಗ ಅಂಗಳ.

ಎರಡು ಸಾಲು ಎಲೆಗಳ ನಡುವೆ ಉಳಿಯುವುದು ಒಂದು ಅಡಿಯಷ್ಟು ಜಾಗ. ಅಲಂಕಾರಕ್ಕೆ ಸಿಕ್ಕ ಆಸ್ತಿ ಅಷ್ಟೇ. ಅಲ್ಲಿ ಇಡುವ ಯಾವುದೂ ಚೊಂಬಿಗಿಂತ ಎತ್ತರವಿರಬಾರದು. ಎದುರಿನವರ ಮುಖ ಮರೆಯಾಗಬಾರದು. ಉದ್ದಕ್ಕೂ ತುಂಬಲೂಬಾರದು, ಎರಡೆರಡು ಎಲೆಗೊಮ್ಮೆ ಒಂದು ಪಾತ್ರೆ ಇಡುವಷ್ಟು ಖಾಲಿ ಬಿಡಿ. ತುಪ್ಪದ ಗಿಂಡಿಗೆ, ಹಪ್ಪಳದ ಬುಟ್ಟಿಗೆ ಜಾಗ ಬೇಕಲ್ಲ.

ಹೂವಿನ ವಿಷಯದಲ್ಲಿ ಕಣ್ಣಿಗಿಂತ ಮೂಗಿನ ಮಾತು ಕೇಳಬೇಕು. ಸಂಪಿಗೆ, ಮಲ್ಲಿಗೆ, ಸುಗಂಧರಾಜ ದೇವರ ಮನೆಗೆ, ಮುಡಿಗೆ. ಎಲೆಯ ಪಕ್ಕದಲ್ಲಿಟ್ಟರೆ ತುಪ್ಪದ ಘಮ, ಸಾರಿನ ಒಗ್ಗರಣೆ ಎರಡನ್ನೂ ನುಂಗಿಬಿಡುತ್ತವೆ. ಚೆಂಡುಹೂವಿನ ಘಾಟೂ ಕಡಿಮೆಯಿಲ್ಲ. ಅದು ಬಾಗಿಲ ತೋರಣಕ್ಕೆ, ಗೋಪೂಜೆಯ ದಿನ ದನದ ಕೊರಳಿಗೆ. ಮೇಜಿಗೆ ವಾಸನೆಯಿಲ್ಲದ ಕನಕಾಂಬರವೋ ಡೇರೆ ಹೂವೋ ಸರಿ. ಮಳೆಗಾಲದ ಕೊನೆಗೆ ಮಲೆನಾಡಿನ ಅಂಗಳಕ್ಕೆಲ್ಲ ಡೇರೆಯದೇ ಜಂಬ. ಮೊಗ್ಗು ಕೊಯ್ದು ನೀರಿಗಿಟ್ಟರೆ ಅರಳೀತೆಂದು ನಂಬಬೇಡಿ, ಗಿಡದಲ್ಲೇ ಪೂರ್ತಿ ಅರಳಿದ್ದನ್ನು ಇಬ್ಬನಿ ಆರುವ ಮೊದಲು ಕೊಯ್ಯಿರಿ. ಇರುವೆ ಉದುರಿಸಿ, ತೊಟ್ಟು ಮೋಟು ಮಾಡಿ, ಹಿತ್ತಾಳೆ ಹರಿವಾಣದ ನೀರಿನಲ್ಲಿ ತೇಲಿಬಿಡಿ.

ಅಂದಹಾಗೆ, ಡೇರೆಯೂ ಚೆಂಡುಹೂವೂ ಮೂಲದಲ್ಲಿ ಮೆಕ್ಸಿಕೋ ಕಡೆಯವು. ಅಲ್ಲಿನ ಜನ ನವೆಂಬರ್ 1 ಮತ್ತು 2ರಂದು, ನಮ್ಮ ದೀಪಾವಳಿಯ ಆಸುಪಾಸಿನಲ್ಲೇ, ತೀರಿಹೋದವರನ್ನು ನೆನೆದು ಚೆಂಡುಹೂವಿನ ನಡುವೆ ಅವರಿಗಿಷ್ಟವಾದ ತಿಂಡಿ ಇಡುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು ತಿಂಗಳಷ್ಟೇ ಕಳೆದಿರುವ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಳಿದದ್ದು ತೋಟದಲ್ಲಿ ಬಿದ್ದಿರುತ್ತದೆ. ಅರೇಬಿಕಾ ಅಲ್ಲಲ್ಲಿ ಕೆಂಪಾಗುವ ಕಾಲವಿದು. ಪೇಟೆಯಿಂದ ಬಂದ ಮಕ್ಕಳಿಗೆ ಹಣ್ಣಿನ ರೆಂಬೆ ಮುರಿದು ತರುವ ಆಸೆ. ಅದು ಅಲಂಕಾರವಲ್ಲ, ವರ್ಷದ ಬೆಳೆ, ಬೇಡವೆನ್ನಿ. ಬದಲಿಗೆ ಉದುರಿದ ಸಿಲ್ವರ್ ಓಕ್ ಎಲೆ ಆಯ್ದು ತರಲಿ. ಮೇಲ್ಮೈ ಕಂದು, ತಿರುವಿ ಹಾಕಿದರೆ ಬೆಳ್ಳಿ. ಮಣ್ಣು ಒರೆಸಿ, ಹರಿವಾಣದ ಸುತ್ತ ಬೆಳ್ಳಿ ಬದಿ ಮೇಲಾಗಿ ಹರಡಿದರೆ ದೀಪದ ಬೆಳಕಿಗೆ ಹೊಳೆಯುತ್ತದೆ. ಕಾಸು ಖರ್ಚಿಲ್ಲ. ಹಳದಿಗೆ ತಿರುಗಿದ ಎರಡು ಹೇರಳೆಕಾಯಿ ಜೊತೆಗಿಟ್ಟರೆ ಮರುದಿನ ಚಿತ್ರಾನ್ನಕ್ಕೂ ಆಯಿತು.

ದೀಪದ ಹಬ್ಬದಲ್ಲಿ ದೀಪವನ್ನು ಮೇಜಿನ ಮೇಲಿಡಬೇಡಿ ಎಂದರೆ ಸಿಟ್ಟಾಗಬೇಡಿ. ಗದ್ದೆಯಲ್ಲಿ ಭತ್ತ ತೆನೆಗೆ ಬಂದಿರುವ ಹೊತ್ತು. ಕತ್ತಲಾದೊಡನೆ ಹಸಿರು ಜಿಗಿಹುಳುಗಳು ಬೆಳಕಿಗೆ ಮುತ್ತುತ್ತವೆ. ಮೇಜಿನ ಹಣತೆಯ ಪಕ್ಕದಲ್ಲಿರುವುದು ನಿಮ್ಮ ಪಾಯಸ. ಹಣತೆಗಳ ಸಾಲು ಜಗಲಿಗೆ, ಅಂಗಳಕ್ಕೆ, ಕಿಟಕಿಯ ಹೊರಗಟ್ಟೆಗೆ ಹೋಗಲಿ. ಊಟಕ್ಕೆ ಅರ್ಧ ಗಂಟೆ ಮುಂಚೆ ಜಗಲಿಯ ಬಲ್ಬು ಹಾಕಿ ಒಳಗಿನದನ್ನು ಆರಿಸಿ. ಹುಳುಗಳು ಆಚೆಗೆ ಹೋಗುತ್ತವೆ. ಕರೆಂಟು ಕೈಕೊಟ್ಟರೆ ಗೋಡೆಯ ಮೊಳೆಗೆ ಒಂದು ಲಾಟೀನು ಇರಲಿ.

ಇಷ್ಟೆಲ್ಲ ಮಾಡಿಯೂ ಬಹುಪಾಲು ಮನೆಗಳು ಸೋಲುವುದು ಕೊನೆಯ ಪಂಕ್ತಿಯಲ್ಲಿ. ಮೊದಲು ಕೂತವರಿಗೆ ಹೆರೆದ ಎಲೆ, ತೇಲುವ ಹೂವು, ಮಡಿಕೆ ಬೀಳದ ಪಂಚೆ. ಬೆಳಗಿನಿಂದ ಒಲೆ ಮುಂದೆ ನಿಂತವರು ಕೂರುವ ಹೊತ್ತಿಗೆ ಪಂಚೆಯ ಮೇಲೆ ಸಾರಿನ ಕಲೆ, ಹರಿವಾಣದಲ್ಲಿ ಯಾರೋ ಅದ್ದಿದ ಬೆರಳು, ಎಲೆ ಹರಿದದ್ದು. ಬಡಿಸುವ ಕೈಗೆ ದಾರಿ ಬಿಡಬೇಕು ಎಂದು ಇಷ್ಟು ಹೊತ್ತು ಹೇಳಿದೆನಲ್ಲ, ಆ ಕೈಗೂ ಹಸಿವಿದೆ. ಹಾಗಾಗಿ ಇನ್ನೊಂದು ಪಂಚೆ, ಇನ್ನೊಂದಿಷ್ಟು ಡೇರೆ, ಇರುವುದರಲ್ಲೇ ಒಳ್ಳೆಯ ಎಲೆಗಳನ್ನು ಮೊದಲೇ ಎತ್ತಿಡಿ. ಅವರು ಕೂತಾಗ ಮೊಬೈಲು ಕೆಳಗಿಟ್ಟು ನೀವೇ ಸೌಟು ಹಿಡಿಯಿರಿ. ಹೋಳಿಗೆಗೆ ತುಪ್ಪ ಹಾಕುವಾಗ ದೊಡ್ಡಮ್ಮ "ಸಾಕು, ಸಾಕು" ಎನ್ನುತ್ತಾರೆ. ಮೊದಲನೆಯ "ಸಾಕು" ಲೆಕ್ಕಕ್ಕಿಲ್ಲ.