ಸನತ್ಕುಮಾರನ ಕಥೆಯೂ ಉದರದ ಶಸ್ತ್ರಚಿಕಿತ್ಸೆಯೂ

ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಸನತ್ಕುಮಾರ ಚಕ್ರವರ್ತಿಯ ಕಥೆಯೂ ಒಂದು. ಪರಂಪರೆ ಹೇಳುವಂತೆ, ದೇವತೆಗಳೂ ನೋಡಲು ಬಯಸಿ ಬಂದ ರೂಪವಂತನಾತ. ಆ ರೂಪವು ಕ್ಷಣಕ್ಷಣಕ್ಕೂ ಕುಂದುತ್ತಿದೆಯೆಂದು ಅರಿತೊಡನೆ ರಾಜ್ಯವನ್ನು ತೊರೆದು ದೀಕ್ಷೆ ಹೊಂದುತ್ತಾನೆ. ಮುಂದೆ ರೋಗಗಳು ಮುತ್ತಿದಾಗ ದೇವನೊಬ್ಬನು ವೈದ್ಯನ ವೇಷದಲ್ಲಿ ಬರುತ್ತಾನೆ. ಭವರೋಗವನ್ನು ಗುಣಪಡಿಸಬಲ್ಲೆಯಾ ಎಂಬುದೇ ಅವನಿಗೆ ಮುನಿಯ ಮರುಪ್ರಶ್ನೆ.

ಈ ಕಥೆಯನ್ನು ದೇಹನಿಂದೆಯ ದೃಷ್ಟಾಂತವಾಗಿ ಬಳಸುವುದುಂಟು. ಆದರೆ ಆ ಓದು ಎರಡು ಅಂಶಗಳನ್ನು ಮರೆಯುತ್ತದೆ. ವೈದ್ಯನನ್ನು ನಿರಾಕರಿಸಿದವನು ಮಹಾವ್ರತಿ. ಅಣುವ್ರತಿಯಾದ ಶ್ರಾವಕನಿಗೆ ಅದೇ ವಿಧಿಯಲ್ಲ. ಎರಡನೆಯದಾಗಿ, ಕಥೆ ಖಂಡಿಸುವುದು ಶರೀರವನ್ನಲ್ಲ, ಪರರ ಕಣ್ಣಿನಲ್ಲಿ ತನ್ನ ಬೆಲೆಯನ್ನು ಹುಡುಕುವ ರೂಪಮದವನ್ನು.

ಟಮ್ಮಿ ಟಕ್ ಎಂದು ಜನಜನಿತವಾದ ಅಬ್ಡಾಮಿನೋಪ್ಲಾಸ್ಟಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಕೆಳಹೊಟ್ಟೆಯಲ್ಲಿ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕೊಯ್ದು, ಹೆಚ್ಚಿನ ಚರ್ಮವನ್ನೂ ಕೊಬ್ಬನ್ನೂ ತೆಗೆದು, ಅಗಲಿದ ಸ್ನಾಯುಗಳನ್ನು ಹೊಲಿದು ಬಿಗಿಗೊಳಿಸುವ ದೊಡ್ಡ ಶಸ್ತ್ರಕ್ರಿಯೆ ಇದು. ಬೊಜ್ಜಿಗೆ ಇದು ಮದ್ದಲ್ಲ. ಶ್ರೀನಿವಾಸಪುರದ ಮಾವಿನ ಸೀಮೆಯಲ್ಲಿ, ಯಲ್ದೂರಿನಂಥ ಊರಿನಲ್ಲಿ, ಎರಡು ಮೂರು ಹೆರಿಗೆಗಳಾದ ಮೇಲೆ ಹೊಟ್ಟೆಯ ಸ್ನಾಯು ಅಗಲಿ, ನೀರಿನ ಕೊಡವನ್ನೋ ಮೇವಿನ ಹೊರೆಯನ್ನೋ ಎತ್ತಲಾರದೆ ಬೆನ್ನುನೋವು ಅನುಭವಿಸುವ ತಾಯಿಗೆ ಮೊದಲು ಬೇಕಾದದ್ದು ಸರಿಯಾದ ವ್ಯಾಯಾಮ; ಅದು ಸಾಲದಿದ್ದರೆ ವೈದ್ಯರೊಡನೆ ಈ ವಿಚಾರ. ಅಂಥವಳ ಬಯಕೆಯನ್ನು ರೂಪಮದವೆಂದು ಹಳಿಯುವುದು ಅನ್ಯಾಯ. ಕೇವಲ ಮದುವೆಮನೆಯ ಕಣ್ಣುಗಳಿಗಾಗಿ ಕೊಯ್ಯಿಸಿಕೊಳ್ಳುವುದು ಬೇರೆಯ ಮಾತು.

ನಿರ್ಧರಿಸಿದ ಮೇಲೆ ಧರ್ಮದ ಪರೀಕ್ಷೆ ಸಿದ್ಧತೆಯಲ್ಲಿದೆ. ‘ತತ್ತ್ವಾರ್ಥಸೂತ್ರ’ವು ಹಿಂಸೆಯನ್ನು ಪ್ರಮಾದದೊಡನೆ ಜೋಡಿಸಿ ಹೇಳುತ್ತದೆ, ಆ ಪ್ರಮಾದಕ್ಕೆ ಸ್ವದೇಹವೂ ತುತ್ತಾಗಬಹುದು. ಮುಂದೆ ಮಕ್ಕಳು ಬೇಕೆನ್ನುವವರು ಕಾಯುವುದು ಲೇಸು. ತೂಕ ಸ್ಥಿರವಾಗಿರಬೇಕು. ಧೂಮಪಾನ ಗಾಯ ಮಾಯುವುದನ್ನು ಕೆಡಿಸುವುದರಿಂದ ಕನಿಷ್ಠ 4 ವಾರ ಮೊದಲೇ ಬಿಡಬೇಕು. ಸಕ್ಕರೆ ಕಾಯಿಲೆಯನ್ನೂ ರಕ್ತ ತೆಳುವಾಗಿಸುವ ಮಾತ್ರೆಗಳನ್ನೂ ಮರೆಮಾಚುವುದು ಸತ್ಯಾಣುವ್ರತಕ್ಕೂ ಪ್ರಾಣಕ್ಕೂ ಕೇಡು. ರಾತ್ರಿಭೋಜನ ತ್ಯಾಗಿಗಳು ಔಷಧಗಳ ವೇಳೆಯನ್ನು ಮೊದಲೇ ವಿಚಾರಿಸಬೇಕು. ಬಹುತೇಕ ಕ್ಯಾಪ್ಸೂಲುಗಳ ಹೊರಕವಚ ಪ್ರಾಣಿಜನ್ಯ ಜೆಲಟಿನ್. ಬದಲಿ ಮಾತ್ರೆಗಳಿವೆಯೇ ಎಂದು ಕೇಳಬಹುದು. ಗಾಯ ಮಾಯಲು ಪುಷ್ಟಿಕರ ಆಹಾರ ಬೇಕಾದ್ದರಿಂದ ದಶಲಕ್ಷಣ ಪರ್ವದ ದೀರ್ಘ ಉಪವಾಸದ ಹೊತ್ತಿಗೆ ಈ ಚಿಕಿತ್ಸೆಯನ್ನು ಇಟ್ಟುಕೊಳ್ಳಬಾರದು.

ಚೇತರಿಕೆಯು ಮನೆಮಂದಿಯೆಲ್ಲರ ಪರೀಕ್ಷೆ. ಮೊದಲ ದಿನಗಳಲ್ಲಿ ನೆಟ್ಟಗೆ ನಿಲ್ಲಲಾಗದು, ಬಾಗಿಯೇ ನಡೆಯಬೇಕು. ಆದರೂ ನಡೆಯಲೇಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೇರಿದರೆ ಪ್ರಾಣಾಪಾಯ. ದ್ರವ ಬಸಿಯುವ ನಳಿಕೆ, ಬಿಗಿಪಟ್ಟಿ, ಸುಮಾರು 6 ವಾರ ಭಾರ ಎತ್ತದಿರುವ ನಿಯಮ ಇವೆಲ್ಲ ಇವೆ. ಜ್ವರ, ಕೀವು, ಕಾಲುಬಾವು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಾವಿನ ಸುಗ್ಗಿಯಲ್ಲಿ ಈ 6 ವಾರ ಆ ತಾಯಿಯ ಕೆಲಸಕ್ಕೆ ಯಾರು ಹೆಗಲು ಕೊಡುವರು? ಆಂತರಿಕ ತಪಸ್ಸುಗಳಲ್ಲಿ ಒಂದಾದ ವೈಯಾವೃತ್ಯವನ್ನು ಮುನಿಸೇವೆಗಷ್ಟೇ ಮೀಸಲಿಟ್ಟವರು ಮನೆಯ ರೋಗಿಯ ಮುಂದೆ ಆ ಭಾವವನ್ನು ಮರೆಯಬಾರದು. ಅತ್ತೆಯಾಗಲಿ ಗಂಡನಾಗಲಿ ಕೊಡವನ್ನೆತ್ತಿದರೆ ಅದೂ ಧರ್ಮಾಚರಣೆಯೇ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ ಕಿರುತೆರೆಯ ನಟಿ ಚೇತನಾ ರಾಜ್ 21ರ ಹರೆಯದಲ್ಲೇ ತೀರಿಕೊಂಡರು. ಅದು ಟಮ್ಮಿ ಟಕ್ ಅಲ್ಲ. ಆದರೂ ಸೌಂದರ್ಯ ಚಿಕಿತ್ಸೆ ಹಗುರವಾದುದೆಂಬ ಭ್ರಮೆಯನ್ನು ಅದು ಕಳೆಯಬೇಕಿತ್ತು. ಅಗಲಿದವರನ್ನು ದೂಷಿಸುವುದು ಸಲ್ಲದು. ಹೆಣ್ಣಿನ ಯೋಗ್ಯತೆಯನ್ನು ಅವಳ ಸೊಂಟದಿಂದ ಅಳೆಯುವ ಸಮಾಜದ ಕಣ್ಣೇ ಇಲ್ಲಿ ವಿಚಾರಣೆಗೆ ಒಳಗಾಗಬೇಕಾದದ್ದು.

ಶಸ್ತ್ರಕ್ರಿಯೆಯ ಗೆರೆ ವರ್ಷ ಕಳೆದಂತೆ ಮಸುಕಾದೀತು, ಅಳಿಯದು. ಬಿಗಿಗೊಂಡ ಉದರವೂ ಮುಪ್ಪಿಗೆ ಸಡಿಲವಾಗುವುದೇ. ಇದನ್ನರಿತು, ನೋವಿನ ಪರಿಹಾರಕ್ಕಾಗಿ, ಎಚ್ಚರದಿಂದ ಚಿಕಿತ್ಸೆಗೆ ಒಪ್ಪಿದವಳು ಸನತ್ಕುಮಾರನ ಕಥೆಗೆ ಎದುರಾಳಿಯಲ್ಲ. ಅವಳ ಹೊಟ್ಟೆಯನ್ನು ನೋಡಿ ನಕ್ಕವರಿಗೇ ಆ ಕಥೆಯನ್ನು ಇನ್ನೊಮ್ಮೆ ಓದುವ ಅಗತ್ಯವಿದೆ.