ಒಂಬತ್ತು ಪಟ್ಟೆಗಳ ಚೆಲುವು

ಡಿಸ್ಕಸ್ ಮೀನಿನ ಮುಂದೆ ನಿಂತವರ ಕಣ್ಣು ಮೊದಲು ಬಣ್ಣಕ್ಕೆ ಹೋಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಸಿಹಿನೀರಿನ ಮೀನುಗಳಲ್ಲಿ ಇಷ್ಟೊಂದು ಬಣ್ಣ ಇಷ್ಟು ಅಗಲದ ಮೈಮೇಲೆ ಹರಡಿಕೊಂಡಿರುವುದು ಅಪರೂಪ. ಆದರೆ ಸೀರೆ ಬಲ್ಲವರು ಬಣ್ಣಕ್ಕೆ ಮರುಳಾಗುವ ಮೊದಲು ನೇಯ್ಗೆಯನ್ನು ಮುಟ್ಟಿ ನೋಡುವ ಹಾಗೆ, ಡಿಸ್ಕಸ್ ಬಲ್ಲವರು ಮೊದಲು ಪಟ್ಟೆಗಳನ್ನು ನೋಡುತ್ತಾರೆ. ಬೆನ್ನಿನಿಂದ ಹೊಟ್ಟೆಗೆ ನೆಟ್ಟಗೆ ಇಳಿದ ಒಂಬತ್ತು ಕಪ್ಪು ಪಟ್ಟೆಗಳು. ಮೊದಲನೆಯದು ಕಣ್ಣನ್ನು ಹಾದು ಇಳಿಯುತ್ತದೆ, ಒಂಬತ್ತನೆಯದು ಬಾಲದ ಬುಡದಲ್ಲಿ ನಿಲ್ಲುತ್ತದೆ. ಮೀನಿನ ವಂಶವನ್ನೂ ಆ ಕ್ಷಣದ ಅದರ ಮನಸ್ಸನ್ನೂ ಈ ಪಟ್ಟೆಗಳಲ್ಲಿಯೇ ಓದಬಹುದು.

ಡಿಸ್ಕಸ್‌ನ ತವರು ಅಮೆಜಾನ್ ಮತ್ತು ಅದರ ಉಪನದಿಗಳು. ಆಸ್ಟ್ರಿಯಾದ ಯೊಹಾನ್ ನಾಟೆರರ್ ಬ್ರೆಜಿಲ್‌ನಲ್ಲಿ ವರ್ಷಗಟ್ಟಲೆ ಅಲೆದು ಸಂಗ್ರಹಿಸಿದ ಜೀವಿಗಳಲ್ಲಿ ರಿಯೊ ನೀಗ್ರೊ ನದಿಯ ಈ ಮೀನೂ ಇತ್ತು. ವಿಯೆನ್ನಾದ ಯೊಹಾನ್ ಯಾಕೋಬ್ ಹೆಕೆಲ್ 1840ರಲ್ಲಿ ಅದನ್ನು ವಿವರಿಸಿ ಹೆಸರಿಟ್ಟರು. ಕೊಳೆತ ಎಲೆಗಳ ಸಾರದಿಂದ ಕಪ್ಪಾದ, ಹುಳಿಯಾದ, ಬೆಚ್ಚಗಿನ ನೀರು ರಿಯೊ ನೀಗ್ರೊದ್ದು. ಮಳೆಗಾಲದಲ್ಲಿ ನದಿ ಹಲವು ಮೀಟರ್ ಏರಿ ದಡದ ಕಾಡನ್ನೇ ಮುಳುಗಿಸುತ್ತದೆ. ಆಗ ಮುಳುಗಿದ ಮರಗಳ ಕೊಂಬೆ ಬೇರುಗಳ ಸಂದಿಯೇ ಈ ಮೀನುಗಳಿಗೆ ಮನೆ. ತೆಳ್ಳನೆಯ ಮೈ ಇರುವುದರಿಂದ ಸಣ್ಣ ಸಂದಿಯಲ್ಲೂ ನುಸುಳಬಹುದು. ನೆಟ್ಟಗೆ ಇಳಿದ ಬೇರುಗಳ ನಡುವೆ ಗುಂಪಾಗಿ ನಿಂತಾಗ, ಕಪ್ಪು ಪಟ್ಟೆಗಳು ದುಂಡನೆಯ ಮೈಯನ್ನು ತುಂಡು ತುಂಡಾಗಿ ಒಡೆದು ತೋರಿಸುತ್ತವೆ. ಎಲ್ಲಿ ಮೀನು ಮುಗಿಯಿತು, ಎಲ್ಲಿ ನೆರಳು ಶುರುವಾಯಿತು ಎಂದು ಹೇಳುವುದು ಕಷ್ಟ. ನಮಗೆ ಅಲಂಕಾರವಾಗಿ ಕಾಣುವುದು ಅದಕ್ಕೆ ಮರೆಯಾಗುವ ಉಪಾಯ.

ಈ ಮೈಯ ಬಣ್ಣ ಒಂದೇ ಪದರದ್ದಲ್ಲ. ಪಟ್ಟೆಗಳ ಕಪ್ಪು, ಚರ್ಮದ ಜೀವಕೋಶಗಳಲ್ಲಿರುವ ಮೆಲನಿನ್ ಕಣಗಳದ್ದು. ಕಣಗಳು ಹರಡಿಕೊಂಡರೆ ಪಟ್ಟೆ ಗಾಢವಾಗುತ್ತದೆ, ಒಂದೆಡೆ ಮುದುಡಿಕೊಂಡರೆ ಮಾಸುತ್ತದೆ. ಪಟ್ಟೆಗಳಿಗೆ ಅಡ್ಡಲಾಗಿ ತಲೆಯಿಂದ ಬಾಲದ ಕಡೆಗೆ ಅಲೆಯಲೆಯಾಗಿ ಹರಿಯುವ ನೀಲಿ ಹಸಿರು ಗೆರೆಗಳ ಕಥೆಯೇ ಬೇರೆ. ಅಲ್ಲಿ ನೀಲಿ ಎಂಬ ವರ್ಣದ್ರವ್ಯವೇ ಇಲ್ಲ. ಜೀವಕೋಶದೊಳಗೆ ಗ್ವಾನಿನ್ ಎಂಬ ವಸ್ತುವಿನ ಸೂಕ್ಷ್ಮ ಹರಳುಗಳು ಒಂದರ ಮೇಲೊಂದು ಜೋಡಿಸಿಕೊಂಡು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತವೆ. ಅದಕ್ಕೇ ಮೀನು ತಿರುಗಿದಾಗ ನೀಲಿ ಹಸಿರಿಗೆ ಜಾರುತ್ತದೆ, ಹಸಿರು ಬೆಳ್ಳಿಗೆ ಜಾರುತ್ತದೆ. ಇವೆರಡರ ಹಿಂದೆ ಮೈಯ ನೆಲಬಣ್ಣವಿದೆ: ಹಳದಿ, ಕಂದು, ಕೆಂಪು. ಇದರಲ್ಲಿ ಬಹುಪಾಲು ತಿಂದ ಆಹಾರದ ಕೆರೋಟಿನಾಯ್ಡ್‌ಗಳಿಂದ ಬಂದದ್ದು. ಸೀಗಡಿಯಂಥ ಮೇವು ಕೊಟ್ಟವರ ಮೀನು ಕೆಂಪಾಗುವುದು ಇದೇ ಕಾರಣಕ್ಕೆ. ಹೀಗೆ ಕಪ್ಪು ಮನಸ್ಸಿನದು, ನೀಲಿ ಬೆಳಕಿನದು, ಕೆಂಪು ಊಟದ್ದು. ಮೂರೂ ಒಂದೇ ಮೈಯಲ್ಲಿ ಕೂಡಿ ಬರುವುದನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಕಾಡು ಡಿಸ್ಕಸ್‌ಗಳಲ್ಲಿ ಈ ಮೂರು ಪದರಗಳ ಪಾಲು ನದಿಯಿಂದ ನದಿಗೆ ಬೇರೆ. ರಿಯೊ ನೀಗ್ರೊದ ಹೆಕೆಲ್ ಡಿಸ್ಕಸ್‌ನಲ್ಲಿ ಒಂದು, ಐದು, ಒಂಬತ್ತನೆಯ ಪಟ್ಟೆಗಳು ಎದ್ದು ಕಾಣುತ್ತವೆ. ನಡುವಿನ ಐದನೆಯದಂತೂ ಉಳಿದವಕ್ಕಿಂತ ಅಗಲ, ಗಾಢ. ಸಣ್ಣ ನೀಲಿ ಗೆರೆಗಳು ಮೈತುಂಬ ಹರಿದು ಆ ಪಟ್ಟೆಗೆ ಹಿನ್ನೆಲೆಯಾಗುತ್ತವೆ. ಪಶ್ಚಿಮ ಅಮೆಜಾನಿನ ಹಸಿರು ಡಿಸ್ಕಸ್‌ನಲ್ಲಿ ಕೆಂಪು ಚುಕ್ಕೆಗಳ ಸೊಗಸು. ಟೆಫೆ ಸರೋವರದ ಮೀನುಗಳಲ್ಲಿ ಈ ಚುಕ್ಕೆಗಳು ಹೊಟ್ಟೆಯಡಿಯ ರೆಕ್ಕೆಯಿಂದ ಮೇಲೇರಿ ಮೈಗೂ ಹಬ್ಬಿರುತ್ತವೆ. ನೀಲಿ ಡಿಸ್ಕಸ್‌ಗೆ ಹಣೆ, ಬೆನ್ನು ಮತ್ತು ಹೊಟ್ಟೆಯಡಿಯಲ್ಲಿ ನೀಲಿ ಗೆರೆಗಳು. ಆ ಗೆರೆಗಳು ನಡುಮೈಯಲ್ಲೂ ಕಡಿಯದೆ ಹರಿದಿದ್ದರೆ ಅದು ರಾಯಲ್ ಬ್ಲೂ. ಅಲೆಂಕೆರ್ ಕಡೆಯ ಮೀನುಗಳಲ್ಲಿ ಗೆರೆ ಕಡಿಮೆ, ನೆಲಬಣ್ಣದ ಕೆಂಗಂದು ಹೆಚ್ಚು. ಕಂದು ಡಿಸ್ಕಸ್ ಎಂದು ಅಂಗಡಿಯಲ್ಲಿ ಬದಿಗೆ ಸರಿಸಿಡುವ ಮೀನನ್ನು ಸಂಜೆಯ ಓರೆ ಬೆಳಕಿನಲ್ಲಿ ನೋಡಬೇಕು. ಹಣೆಯ ನಾಲ್ಕಾರು ಗೆರೆಗಳು ಹೊಳೆದು, ಉಳಿದ ಮೈ ಜೇನಿನ ಬಣ್ಣದಲ್ಲಿ ತಣ್ಣಗೆ ನಿಂತಿರುತ್ತದೆ.

ಮನುಷ್ಯರು ಇವುಗಳನ್ನು ಸಾಕಿ ತಳಿ ತೆಗೆಯಲು ತೊಡಗಿದ ಮೇಲೆ ಚಿತ್ತಾರ ಎತ್ತೆತ್ತಲೋ ಹೊರಳಿತು. ಅಮೆರಿಕದ ಜ್ಯಾಕ್ ವ್ಯಾಟ್ಲಿ, ಜರ್ಮನಿಯ ವೈದ್ಯ ಎಡ್ವರ್ಡ್ ಶ್ಮಿಟ್-ಫೋಕೆ ಅವರು ಕಾಡಿನ ಮೀನುಗಳಿಂದ ಆರಿಸಿ ಆರಿಸಿ ನೀಲಿ ಹಸಿರಿನ ಟರ್ಕಾಯ್ಸ್ ತಳಿಗಳನ್ನು ಬೆಳೆಸಿದರು. ಗೆರೆಗಳೆಲ್ಲ ಒಂದರೊಳಗೊಂದು ಕೂಡಿಕೊಂಡು ಇಡೀ ಮೈ ನೀಲಿಯಾದ ತಳಿಗಳು ಬಂದವು. 1990ರ ದಶಕದ ಆರಂಭದಲ್ಲಿ ಥಾಯ್ಲೆಂಡಿನಿಂದ ಪಿಜನ್ ಬ್ಲಡ್ ಬಂತು. ಕಿತ್ತಳೆ ಕೆಂಪಿನ ಮೈ, ಬಿಳಿಚಿದ ಮುಖ, ಪಟ್ಟೆಗಳೇ ಇಲ್ಲ. ಮಲೇಷ್ಯಾದ ಸ್ನೇಕ್‌ಸ್ಕಿನ್ ತಳಿ ಇದಕ್ಕೆ ತದ್ವಿರುದ್ಧ. ಅದರಲ್ಲಿ ಪಟ್ಟೆಗಳು ಒಂಬತ್ತರ ಬದಲು ಹದಿನಾಲ್ಕರಷ್ಟು, ಗೆರೆಗಳು ಬಲು ಸಣ್ಣವು, ಬಲು ಒತ್ತಾದವು. ಲೆಪರ್ಡ್ ಎಂದು ಮಾರುವ ಚುಕ್ಕೆಮೀನುಗಳಲ್ಲಿ ಗೆರೆಗಳೆಲ್ಲ ಒಡೆದು ಚುಕ್ಕೆಗಳಾಗಿವೆ. ಒಳ್ಳೆಯ ಲೆಪರ್ಡ್‌ನಲ್ಲಿ ಚುಕ್ಕೆ ದುಂಡಗೆ, ಬಿಡಿಬಿಡಿಯಾಗಿ, ಎರಡೂ ಪಕ್ಕದಲ್ಲಿ ಸಮನಾಗಿ ಇರುತ್ತದೆ.

ಈ ತಳಿಗಳ ಸೊಗಸನ್ನು ಅಲ್ಲಗಳೆಯಲಾಗದು. ಆದರೂ ಪಟ್ಟೆ ಕಳೆದುಕೊಂಡ ಮೀನು ಒಂದು ಮಾತನ್ನೂ ಕಳೆದುಕೊಂಡಿದೆ ಎಂದೇ ನನ್ನ ಎಣಿಕೆ. ಪಟ್ಟೆಯುಳ್ಳ ಡಿಸ್ಕಸ್ ನಿಶ್ಚಿಂತೆಯಿಂದ ಇದ್ದಾಗ ಪಟ್ಟೆಗಳು ಮಾಸಿ ಬಣ್ಣ ತಿಳಿಯಾಗುತ್ತದೆ. ಬೆದರಿದರೆ ಒಂಬತ್ತೂ ಒಮ್ಮೆಗೇ ಕಪ್ಪಿಡುತ್ತವೆ. ದಿನವಿಡೀ ಮೈಯೆಲ್ಲ ಕಪ್ಪಾಗಿದ್ದು ಮೂಲೆ ಹಿಡಿದಿದ್ದರೆ ಕಾಯಿಲೆ ಎಂದು ತಿಳಿಯಬೇಕು. ಮರಿ ಸಾಕುವಾಗಲಂತೂ ಈ ಕಪ್ಪಿಗೆ ಬೇರೆಯೇ ಅರ್ಥ ಬರುತ್ತದೆ. ಡಿಸ್ಕಸ್ ಮರಿಗಳು ಈಜತೊಡಗಿದ ಮೇಲೆ ತಾಯಿ ತಂದೆಯರ ಮೈಯ ಲೋಳೆಯನ್ನು ತಿಂದು ಬೆಳೆಯುತ್ತವೆ. ತಾಯಿ ದಣಿದಾಗ ಮೈ ಕೊಡವಿ ಮರಿಗಳನ್ನು ತಂದೆಯ ಮೈಗೆ ದಾಟಿಸುತ್ತದೆ. ಆ ದಿನಗಳಲ್ಲಿ ದೊಡ್ಡ ಮೀನುಗಳ ಮೈ ಕಪ್ಪಾಗುತ್ತದೆ, ಮರಿಗಳು ಆ ಕಪ್ಪನ್ನು ಗುರುತು ಹಿಡಿದು ಬಂದು ಅಂಟಿಕೊಳ್ಳುತ್ತವೆ. ಕಪ್ಪಾಗಲಾರದ ಪಿಜನ್ ಬ್ಲಡ್ ಜೋಡಿಯ ಮರಿಗಳು ಹೆತ್ತವರನ್ನು ಹುಡುಕಲು ತಡಕಾಡುತ್ತವೆ ಎಂಬುದು ಸಾಕುವವರ ಅನುಭವ. ಡಿಸ್ಕಸ್ ಸೇರಿದ ಸಿಕ್ಲಿಡ್ ಕುಟುಂಬದ ಕೆಲವು ಮೀನುಗಳು ನಮ್ಮ ಕರಾವಳಿಯ ಅಳಿವೆಗಳಲ್ಲೂ ಇವೆ. ಅವುಗಳಲ್ಲಿ ಆರೆಂಜ್ ಕ್ರೊಮೈಡ್ ಎಂಬ ಪುಟ್ಟ ಮೀನಿನ ಮರಿಗಳೂ ಹೆತ್ತವರ ಮೈಯ ಲೋಳೆಯನ್ನು ಆಗಾಗ ಕುಕ್ಕುತ್ತವೆ.

ಆರಿಸುವಾಗ ಇವೆಲ್ಲ ನೆರವಿಗೆ ಬರುತ್ತವೆ. ಮೊದಲು ಆಕಾರ ನೋಡಿ. ಮೈ ದುಂಡಗಿರಬೇಕು, ಹಣೆಯ ಮೇಲೆ ಮಾಂಸ ತುಂಬಿರಬೇಕು. ಮೈಗೆ ಹೋಲಿಸಿದರೆ ಕಣ್ಣು ದೊಡ್ಡದಾಗಿ ಕಂಡರೆ ಅದು ಬೆಳವಣಿಗೆ ಕುಂಠಿತವಾದ ಮೀನು. ಮುಂದೆ ಎಷ್ಟು ತಿನ್ನಿಸಿದರೂ ಆ ಕೊರತೆ ತುಂಬುವುದಿಲ್ಲ. ಕಿವಿರಿನ ಮುಚ್ಚಳ ಎರಡೂ ಕಡೆ ಪೂರ್ತಿ ಇದ್ದು ಸಮನಾಗಿ ಆಡುತ್ತಿರಲಿ. ಒಂದೇ ಕಡೆಯಿಂದ ಏದುವ ಮೀನು, ಬಿಳಿ ದಾರದಂತೆ ಹಿಕ್ಕೆ ಹಾಕುವ ಮೀನು ಬೇಡ. ಆಮೇಲೆ ಪಟ್ಟೆ, ಗೆರೆ, ಚುಕ್ಕೆಗಳನ್ನು ಎರಡೂ ಪಕ್ಕದಿಂದ ನೋಡಿ. ಗೆರೆಗಳು ಎಲ್ಲಿ ಕಡಿಯುತ್ತವೆ, ರೆಕ್ಕೆಯವರೆಗೆ ಹೋಗುತ್ತವೆಯೇ ಎಂದು ಗಮನಿಸಿ. ಪಿಜನ್ ಬ್ಲಡ್ ಬಗೆಯವುಗಳಲ್ಲಿ ಮೈಮೇಲೆ ಮಸಿ ಸಿಡಿದಂಥ ಕಪ್ಪು ಚುಕ್ಕೆಗಳು ಕಡಿಮೆ ಇದ್ದಷ್ಟೂ ಒಳ್ಳೆಯದು. ಇವುಗಳ ತೊಟ್ಟಿಯ ಹಿನ್ನೆಲೆ ಗಾಢ ಬಣ್ಣದ್ದಾದರೆ ಆ ಚುಕ್ಕೆಗಳು ಹೆಚ್ಚುತ್ತವೆ. ಎರಡಂಗುಲದ ಮರಿ ದೊಡ್ಡ ಮೀನಿನಷ್ಟು ಹೊಳೆಯುತ್ತಿದ್ದರೆ ಅನುಮಾನಪಡಬೇಕು. ಹಾರ್ಮೋನು ತಿನ್ನಿಸಿ ಬೇಗ ಬಣ್ಣ ಬರಿಸುವವರೂ ಇದ್ದಾರೆ. ಆ ಬಣ್ಣ ಮನೆಗೆ ತಂದ ಕೆಲವು ವಾರಗಳಲ್ಲಿ ಇಳಿಯುತ್ತದೆ, ಮೀನಿನ ಸಂತಾನಶಕ್ತಿಗೂ ಪೆಟ್ಟು ಬೀಳುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಅಂಗಡಿಯವರಿಗೆ ಸ್ವಲ್ಪ ಮೇವು ಹಾಕಲು ಹೇಳಿ. ಮುಂದೆ ಬಂದು ತಿನ್ನುವ ಮೀನೇ ನಿಮ್ಮದು. ಡಿಸ್ಕಸ್ ಗುಂಪಿನ ಜೀವಿ, ಆದ್ದರಿಂದ ಒಂದೇ ಗಾತ್ರದ ಐದಾರು ಮೀನುಗಳನ್ನು ಒಟ್ಟಿಗೆ ತನ್ನಿ. ನೀರು 28ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಲಿ. ಬೆಂಗಳೂರಿನ ಚಳಿಗಾಲದಲ್ಲಿ ಹೀಟರ್ ಇಲ್ಲದೆ ಆಗದು. ಕ್ಲೋರಿನ್ ಹೋದ ನೀರನ್ನೇ ಬಳಸಿ, ಪದೇ ಪದೇ ಬದಲಿಸಿ.

ಕೈಯಲ್ಲಿರುವ ಹಣಕ್ಕೆ ಒಂದೇ ಬಗೆ ಕೊಳ್ಳಬಹುದು ಎಂದಾದರೆ ನನ್ನ ಮಾತು ಇಷ್ಟೇ: ಕಣ್ಣು ಕೋರೈಸುವ ಕೆಂಪಿಗಿಂತ, ಒಂಬತ್ತು ಪಟ್ಟೆಗಳುಳ್ಳ ಸಾದಾ ಟರ್ಕಾಯ್ಸ್ ಅಥವಾ ಕಂದು ಮೀನನ್ನು ತನ್ನಿ. ಕೆಂಪು ಮೀನು ಇಡೀ ವರ್ಷ ಒಂದೇ ಮುಖ ತೋರಿಸುತ್ತದೆ. ಪಟ್ಟೆಯ ಮೀನು ತಾನು ಹೇಗಿದ್ದೇನೆಂದು ದಿನಾ ಹೇಳುತ್ತದೆ, ಅದನ್ನು ಓದಲು ಕಲಿತವರು ಮೀನನ್ನು ಚೆನ್ನಾಗಿ ಸಾಕುತ್ತಾರೆ.