ಅಂತೆ ಕಥೆಯೂ ಕಾಲಡಿಯ ಕಥೆಯೂ

ಪ್ರಾಗ್‌ಗೆ ಹೋದವರು ಹಳೇ ಪೇಟೆಯ ಖಗೋಳ ಗಡಿಯಾರದ ಮುಂದೆ ನಿಂತೇ ನಿಲ್ತಾರೆ. ನಾನೂ ನಿಂತೆ. ತಾಸಿಗೊಮ್ಮೆ ಅಸ್ಥಿಪಂಜರವೊಂದು ಗಂಟೆಯ ಹಗ್ಗ ಎಳೆಯುತ್ತೆ, ಮೇಲಿನ ಕಿಟಕಿಗಳಲ್ಲಿ ಯೇಸುವಿನ ಹನ್ನೆರಡು ಶಿಷ್ಯರು ಮೆರವಣಿಗೆ ಹೋಗ್ತಾರೆ, ಕೊನೆಗೆ ಚಿನ್ನದ ಬಣ್ಣದ ಹುಂಜ ಕೂಗುತ್ತೆ. ಇಷ್ಟೇನಾ ಅನ್ನಿಸಿತು.

ಅದಕ್ಕೇ ಇರಬೇಕು, ಗೈಡ್ ಒಂದು ಕಥೆ ಸೇರಿಸಿದ. ಇಂಥದ್ದು ಇನ್ನೊಂದು ಆಗಬಾರದು ಅಂತ ಊರಿನ ದೊಡ್ಡವರು ಇದನ್ನು ಮಾಡಿದ ಹನುಶ್‌ನ ಕಣ್ಣು ಕೀಳಿಸಿದರಂತೆ. ತಾಜ್ ಮಹಲ್ ಕಟ್ಟಿದವರ ಕೈ ಕಡಿಸಿದರಂತೆ ಅಂತ ನಾವು ಕೇಳಿಕೊಂಡು ಬಂದಿದ್ದೂ ಇದೇ ಕಥೆ. ಎರಡಕ್ಕೂ ಆಧಾರವಿಲ್ಲ. ಗಡಿಯಾರ 1410ರದ್ದು, ಮಾಡಿದವನು ಕಡಾನ್ ಊರಿನ ಮಿಕುಲಾಶ್.

ನನ್ನ ತಕರಾರು ಬರೀ ಸುಳ್ಳಿನ ಬಗ್ಗೆ ಅಲ್ಲ. ಅದೇ ಕಟ್ಟಡದ ಪೂರ್ವ ಮಗ್ಗುಲಿಗೆ ತಿರುಗಿದರೆ ನೆಲದ ಕಲ್ಲುಹಾಸಿನಲ್ಲಿ 27 ಬಿಳಿ ಶಿಲುಬೆಗಳಿವೆ. ಹ್ಯಾಬ್ಸ್‌ಬರ್ಗ್ ದೊರೆಯ ವಿರುದ್ಧ ದಂಗೆ ಎದ್ದ 27 ಮಂದಿಯನ್ನು 1621ರ ಜೂನ್ 21ರಂದು ಅಲ್ಲೇ ಕೊಂದರು. ಅವರಲ್ಲೊಬ್ಬ ಯಾನ್ ಯೆಸೆನಿಯಸ್, 1600ರಲ್ಲಿ ಪ್ರಾಗ್‌ನ ಜನರೆದುರು ಶವಚ್ಛೇದನ ಮಾಡಿ ತೋರಿಸಿದ ವೈದ್ಯ. ಕೊಲ್ಲುವ ಮುಂಚೆ ಅವನ ನಾಲಿಗೆ ಕತ್ತರಿಸಿದರು. ಇದಕ್ಕೆ 'ಅಂತೆ' ಬೇಕಿಲ್ಲ.

ನಮಗೆ ಕ್ರೌರ್ಯವೂ ರುಚಿಯಾಗಿರಬೇಕು, ಯಾರೂ ಹೊಣೆ ಹೊರದಂತಿರಬೇಕು. ಕಟ್ಟುಕಥೆ ಅದನ್ನು ಕೊಡುತ್ತೆ, ಇತಿಹಾಸ ಕೊಡಲ್ಲ. ಗೈಡ್‌ನನ್ನು ಬೈದು ಪ್ರಯೋಜನವಿಲ್ಲ, ಕೇಳುವವರು ನಾವೇ.

ಇಷ್ಟೆಲ್ಲ ಗೊತ್ತಾಗಿದ್ದು ರೂಮಿಗೆ ಬಂದು ಓದಿದ ಮೇಲೆ. ಫೋಟೊ ತೆಗೆದು ನೋಡಿದೆ. ಚೌಕದಲ್ಲಿ ನಗ್ತಾ ನಿಂತಿದ್ದೀನಿ, ಒಂದು ಕಾಲು ಶಿಲುಬೆಯ ಮೇಲಿದೆ.